ಎಎಂಎಚ್ ‘ಲೋ’ ಎಂದರೆ ಯಾವುದು ಕಡಿಮೆ?

ಲ್ಯಾಬ್‌ನಿಂದ ಬಂದ ಹಾಳೆಯಲ್ಲಿ ಒಂದೇ ಸಾಲು: ಎಎಂಎಚ್ 0.8. ಅಂಡಾಣುಗಳ ದಾಸ್ತಾನು ಅಂದಾಜಿಸುವ ರಕ್ತ ಪರೀಕ್ಷೆ ಅದು. ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಲೋ’. ಈಗೆಲ್ಲ ವರದಿ ಮೊದಲು ಮೊಬೈಲಿಗೆ ಬರುತ್ತದೆ, ವೈದ್ಯರ ಭೇಟಿ ಸಿಗುವುದು ಎರಡು ದಿನ ಬಿಟ್ಟು. ಅಷ್ಟರೊಳಗೆ ‘ಎಗ್ಸೇ ಇಲ್ಲವಂತೆ’ ಎಂಬ ಮಾತು ಅಡುಗೆಮನೆಯಿಂದ ಹಜಾರಕ್ಕೆ, ಅಲ್ಲಿಂದ ತವರಿಗೆ ಹೋಗಿ ತಲುಪಿರುತ್ತದೆ.

ಆ ಅಂಕಿ ಹಾಗೆ ಹೇಳಿಯೇ ಇಲ್ಲ. ಅಂಡಾಶಯದ ಮೀಸಲು, ಅಂದರೆ ಓವೇರಿಯನ್ ರಿಸರ್ವ್ ಅಳೆಯುವ ಪರೀಕ್ಷೆಗಳು ಉತ್ತರಿಸುವ ಪ್ರಶ್ನೆ ಬಹಳ ಕಿರಿದಾದದ್ದು: ಅಂಡಾಣು ಹೊರತೆಗೆದು ಲ್ಯಾಬ್‌ನಲ್ಲಿ ಫಲಿತಗೊಳಿಸುವ ಐವಿಎಫ್‌ಗೆಂದು ಇಂಜೆಕ್ಷನ್ ಕೊಟ್ಟರೆ ಈ ಅಂಡಾಶಯಗಳು ಒಂದು ಸುತ್ತಿನಲ್ಲಿ ಎಷ್ಟು ಅಂಡಾಣು ಕೊಡಬಹುದು? ಅದಕ್ಕೆ ಇವು ಚೆನ್ನಾಗಿಯೇ ಉತ್ತರ ಕೊಡುತ್ತವೆ. ‘ನನಗೆ ಮಗು ಆಗುತ್ತದೆಯೇ’ ಎಂದು ಕೇಳಿದರೆ ಇವುಗಳ ಬಳಿ ಉತ್ತರ ಇಲ್ಲ. ಈ ಎರಡು ಪ್ರಶ್ನೆಗಳನ್ನು ಬೆರೆಸಿದ ಕಡೆಯಲ್ಲೆಲ್ಲ ಅನಗತ್ಯ ಚಿಕಿತ್ಸೆ, ಅನಗತ್ಯ ಖರ್ಚು, ಅನಗತ್ಯ ಕಣ್ಣೀರು ಕಾಣುತ್ತೇವೆ.

ಕಣಜ ಮತ್ತು ಹೊರಗೆ ಬಂದ ಕಾಳು

ಹೆಣ್ಣು ಭ್ರೂಣ ತಾಯಿಯ ಹೊಟ್ಟೆಯಲ್ಲಿ 20 ವಾರದ್ದಾಗಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ ಉಳಿಯುವುದು 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ ಮೂರು–ನಾಲ್ಕು ಲಕ್ಷ. 37–38ನೇ ವಯಸ್ಸಿಗೆ ಸುಮಾರು 25 ಸಾವಿರ, ಮುಟ್ಟು ನಿಲ್ಲುವ ಹೊತ್ತಿಗೆ ಸಾವಿರದ ಆಸುಪಾಸು. ಇಡೀ ಬದುಕಿನಲ್ಲಿ ಬಲಿತು ಹೊರಬರುವುದು 400–500 ಮಾತ್ರ. ಉಳಿದವು ತಾವಿರುವ ಪುಟ್ಟ ಚೀಲ, ಅಂದರೆ ಕೋಶಕದೊಳಗೇ (ಫಾಲಿಕಲ್) ಬತ್ತಿಹೋಗುತ್ತವೆ. ಈ ಬತ್ತುವಿಕೆ ಗರ್ಭಿಣಿಯಾಗಿದ್ದಾಗಲೂ ನಿಲ್ಲುವುದಿಲ್ಲ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾಗಲೂ ನಿಲ್ಲುವುದಿಲ್ಲ. ಮಾತ್ರೆಯಿಂದ ಅಂಡಾಣು ಉಳಿತಾಯವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ನಿದ್ದೆಯಲ್ಲಿರುವ ಈ ಅಂಡಾಣುಗಳನ್ನು ನೇರವಾಗಿ ಎಣಿಸುವ ಪರೀಕ್ಷೆ ಇವತ್ತಿಗೂ ಇಲ್ಲ. ಕಣಜದೊಳಗೆ ಇಣುಕಲು ಆಗದು. ಹೊರಗೆ ಬಂದ ಕಾಳು ನೋಡಿ ಒಳಗೆಷ್ಟಿದೆ ಎಂದು ಅಂದಾಜು ಮಾಡಬೇಕು. ಪ್ರತಿ ತಿಂಗಳೂ ಒಂದಷ್ಟು ಕೋಶಕಗಳು ನಿದ್ದೆಯಿಂದ ಎದ್ದು ಬೆಳೆಯುವ ಸಾಲಿಗೆ ಬರುತ್ತವೆ. ಆ ಪುಟ್ಟ ಕೋಶಕಗಳ ಒಳಗೋಡೆಯ ಜೀವಕೋಶಗಳು ಸ್ರವಿಸುವ ಹಾರ್ಮೋನೇ ಎಎಂಎಚ್, ಅಂದರೆ ಆಂಟಿ ಮುಲ್ಲೇರಿಯನ್ ಹಾರ್ಮೋನ್. ಅವುಗಳನ್ನೇ ಸ್ಕ್ಯಾನ್‌ನಲ್ಲಿ ಕಣ್ಣಿಂದ ಎಣಿಸಿದರೆ ಎಎಫ್‌ಸಿ, ಆಂಟ್ರಲ್ ಫಾಲಿಕಲ್ ಕೌಂಟ್. ಎರಡೂ ಒಂದೇ ವಸ್ತುವನ್ನು ಬೇರೆ ಬೇರೆ ದಾರಿಯಲ್ಲಿ ಅಳೆಯುವುದರಿಂದ ಅವು ಪರಸ್ಪರ ಹೊಂದಬೇಕು. ಎಎಂಎಚ್ 0.6 ಬಂದು ಎಎಫ್‌ಸಿ 16 ಕಂಡರೆ ಎರಡರಲ್ಲೊಂದು ತಪ್ಪಿದೆ ಎಂದೇ ಲೆಕ್ಕ. ಮತ್ತೊಮ್ಮೆ ಪರೀಕ್ಷಿಸದೆ ಮುಂದಿನ ಹೆಜ್ಜೆ ಇಡಬಾರದು.

ಅಂಡಾಣುವಿನ ಗುಣ ಈ ಎರಡರಲ್ಲೂ ಕಾಣುವುದಿಲ್ಲ. ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹೆಣ್ಣಿನ ವಯಸ್ಸು. ವಯಸ್ಸಾದಂತೆ ಅಂಡಾಣು ವರ್ಣತಂತುಗಳನ್ನು ಸರಿಯಾಗಿ ಹಂಚಿಕೊಳ್ಳುವುದರಲ್ಲಿ ಎಡವುತ್ತದೆ. 35ರ ಹೊತ್ತಿಗೆ ಐದು ದಿನದ ಭ್ರೂಣಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ವರ್ಣತಂತು ದೋಷವಿರುತ್ತದೆ, 40 ದಾಟಿದರೆ ಅರ್ಧಕ್ಕಿಂತ ಹೆಚ್ಚಿನವಕ್ಕೆ. ಮಗು ನಿಲ್ಲದಿರುವುದಕ್ಕೂ ಗರ್ಭಪಾತಕ್ಕೂ ಮುಖ್ಯ ಕಾರಣ ಇದೇ.

ಇದನ್ನು ಲೆಕ್ಕ ಹಾಕಿ ನೋಡೋಣ. ಒಬ್ಬಾಕೆಗೆ 29 ವರ್ಷ, ಎಎಂಎಚ್ 0.9. ಇನ್ನೊಬ್ಬಾಕೆಗೆ 41 ವರ್ಷ, ಎಎಂಎಚ್ 2.1. ಹಾಳೆಯ ಮೇಲೆ ಮೊದಲನೆಯದು ‘ಲೋ’, ಎರಡನೆಯದು ‘ನಾರ್ಮಲ್’. ಐವಿಎಫ್ ಮಾಡಿದರೆ ಮೊದಲನೆಯವಳಿಗೆ ನಾಲ್ಕೈದು, ಎರಡನೆಯವಳಿಗೆ ಒಂಬತ್ತು–ಹತ್ತು ಅಂಡಾಣು ಸಿಕ್ಕವು ಎನ್ನಿ. ಸಿಕ್ಕವುಗಳಲ್ಲಿ ನೂರಕ್ಕೆ ಎಂಬತ್ತು ಬಲಿತವು, ಬಲಿತವುಗಳಲ್ಲಿ ಎಪ್ಪತ್ತು ಫಲಿತವಾಗುತ್ತವೆ, ಫಲಿತವಾದವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಐದನೇ ದಿನ ತಲುಪುತ್ತವೆ. ಹೀಗೆ ಸೋಸಿದರೆ ಚಿಕ್ಕವಳ ಪಾಲಿಗೆ ಒಂದು ಭ್ರೂಣ, ದೊಡ್ಡವಳ ಪಾಲಿಗೆ ಎರಡು. ಆದರೆ ಚಿಕ್ಕವಳ ಆ ಒಂದು ಭ್ರೂಣ ವರ್ಣತಂತು ದೋಷವಿಲ್ಲದ್ದಾಗಿರುವ ಸಂಭವ ನಾಲ್ಕರಲ್ಲಿ ಮೂರರಷ್ಟು. ದೊಡ್ಡವಳ ಒಂದೊಂದಕ್ಕೆ ಐದರಲ್ಲಿ ಎರಡರಷ್ಟು. ಗುಣಿಸಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ಹತ್ತು ಅಂಡಾಣುವಿನಿಂದ ದೊಡ್ಡವಳಿಗೆ ಸಿಗುವುದು ಚಿಕ್ಕವಳಿಗೆ ಐದರಿಂದಲೇ ಸಿಗುತ್ತದೆ. ಜೊತೆಗೆ ಚಿಕ್ಕವಳಿಗೆ ಸುತ್ತು ಮರುಕಳಿಸಲು ಕಾಲವಿದೆ, ಚಿಕಿತ್ಸೆ ಇಲ್ಲದೆಯೇ ಗರ್ಭ ಧರಿಸುವ ಸಾಧ್ಯತೆಯೂ ಇದೆ. ‘ನಾರ್ಮಲ್’ ಎಂಬ ಪದ ನೋಡಿ ಇನ್ನೊಂದು ವರ್ಷ ಕಾಯೋಣ ಎಂದು ಎದ್ದುಹೋಗುವ 41ರ ಹೆಣ್ಣುಮಗಳ ಬಗ್ಗೆಯೇ ಹೆಚ್ಚು ಚಿಂತೆ ಆಗಬೇಕು.

ಎಎಂಎಚ್ ವರದಿ ಓದುವಾಗ

ಮೊದಲು ನೋಡಬೇಕಾದ್ದು ಏಕಮಾನ. ನಮ್ಮಲ್ಲಿ ಹೆಚ್ಚಿನ ಲ್ಯಾಬ್‌ಗಳು ಒಂದು ಮಿಲಿಲೀಟರಿಗೆ ಎಷ್ಟು ನ್ಯಾನೊಗ್ರಾಂ ಎಂದು ಕೊಡುತ್ತವೆ. ಬ್ರಿಟನ್, ಆಸ್ಟ್ರೇಲಿಯಾ ಕಡೆಯ ವರದಿಗಳು ಒಂದು ಲೀಟರಿಗೆ ಎಷ್ಟು ಪೈಕೊಮೋಲ್ ಎಂದಿರುತ್ತವೆ. ಮಿಲಿಲೀಟರಿಗೆ ಒಂದು ನ್ಯಾನೊಗ್ರಾಂ ಎಂದರೆ ಲೀಟರಿಗೆ 7.14 ಪೈಕೊಮೋಲ್. ಅಲ್ಲಿ ಕೆಲಸದಲ್ಲಿದ್ದು ಚಿಕಿತ್ಸೆಗೆ ಬೆಂಗಳೂರಿಗೋ ಮಂಗಳೂರಿಗೋ ಬರುವ ದಂಪತಿ ‘ಎಎಂಎಚ್ 7 ಇದೆ, ಚೆನ್ನಾಗಿದೆ’ ಎಂದು ನಂಬಿರುತ್ತಾರೆ. ಅದು ನಿಜಕ್ಕೂ ಒಂದರ ಹತ್ತಿರ. ಹಾಗಾಗಿ ಅಂಕಿಯನ್ನಷ್ಟೇ ಬರೆದುಕೊಂಡು ಬರದೆ ವರದಿಯನ್ನೇ ತರಬೇಕು.

ಮುಂದಿನದು ವ್ಯಾಪ್ತಿ. ಒಟ್ಟಾರೆ ಹೇಳುವುದಾದರೆ 0.5ಕ್ಕಿಂತ ಕೆಳಗೆ ಬಹಳ ಕಡಿಮೆ, 1.2ರವರೆಗೆ ಕಡಿಮೆ, ಅಲ್ಲಿಂದ 3.5ರವರೆಗೆ ಸಾಧಾರಣ, ಅದರ ಮೇಲೆ ಇಂಜೆಕ್ಷನ್‌ಗೆ ಅತಿಯಾಗಿ ಸ್ಪಂದಿಸುವ ಅಂಡಾಶಯ. ಅಂಡಾಶಯದಲ್ಲಿ ಸಣ್ಣ ಕೋಶಕಗಳು ತುಂಬಿ ಮುಟ್ಟು ಏರುಪೇರಾಗುವ ಪಿಸಿಓಎಸ್ ಇರುವವರಲ್ಲಿ ಇದು ಎರಡರಿಂದ ನಾಲ್ಕು ಪಟ್ಟು ಏರಿರಬಹುದು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಯಸ್ಕರಲ್ಲಿ ಸ್ಕ್ಯಾನ್ ಬದಲು ಎಎಂಎಚ್ ನೋಡಿಯೂ ಪಿಸಿಓಎಸ್ ಗುರುತಿಸಬಹುದೆಂದು ಒಪ್ಪಿದೆ. ಆದರೆ ಈ ಗೆರೆಗಳು ಕಲ್ಲಿನ ಮೇಲೆ ಬರೆದವಲ್ಲ. ಎಎಂಎಚ್ ಅಳೆಯುವ ಯಂತ್ರಗಳು ಹಲವು, ಒಂದೇ ರಕ್ತವನ್ನು ಎರಡು ಯಂತ್ರಕ್ಕೆ ಹಾಕಿದರೆ ನೂರಕ್ಕೆ 20–30ರಷ್ಟು ವ್ಯತ್ಯಾಸ ಬರುವುದುಂಟು. ಹಿಂದೆ, 2013ರ ಸುಮಾರಿಗೆ, ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಕಿಟ್ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಅಡ್ಡಿಯಿಂದ ಎಎಂಎಚ್ ಅನ್ನು ಕಡಿಮೆ ತೋರಿಸುತ್ತಿತ್ತು, ವಿಧಾನವನ್ನೇ ಬದಲಿಸಬೇಕಾಯಿತು. ಒಬ್ಬಳದೇ ರಕ್ತದಲ್ಲೂ ತಿಂಗಳಿಂದ ತಿಂಗಳಿಗೆ ಒಂದಿಷ್ಟು ಏರಿಳಿತ ಸಹಜ. ಆದ್ದರಿಂದ 1.1 ಇದ್ದದ್ದು ಮೂರು ತಿಂಗಳಲ್ಲಿ 0.9 ಆಯಿತೆಂದರೆ ಅಂಡಾಣು ಕರಗಿಹೋಯಿತು ಎಂದಲ್ಲ, ಯಾವುದೋ ಪುಡಿ ತಿಂದ ಮೇಲೆ 0.9 ಇದ್ದದ್ದು 1.2 ಆಯಿತೆಂದರೆ ಪುಡಿಯ ಮಹಿಮೆಯೂ ಅಲ್ಲ. ಮತ್ತೆ ಪರೀಕ್ಷಿಸುವುದಾದರೆ ಅದೇ ಲ್ಯಾಬ್, ಅದೇ ಯಂತ್ರ.

ಎಎಂಎಚ್‌ಗೆ ಮುಟ್ಟಿನ ದಿನ ನೋಡಬೇಕಿಲ್ಲ, ಖಾಲಿ ಹೊಟ್ಟೆಯೂ ಬೇಕಿಲ್ಲ. ಬೆಲೆ ಖಾಸಗಿ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ. ಆದರೆ ಮಾತ್ರೆಗಳ ವಿಷಯ ಹೇಳಲೇಬೇಕು. ಗರ್ಭನಿರೋಧಕ ಮಾತ್ರೆ ಎಎಂಎಚ್ ಅನ್ನು ಕಾಲು ಭಾಗದಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು, ತಗ್ಗಿಸುತ್ತದೆ. ಪಿಸಿಓಎಸ್‌ಗೆಂದು ಅದೇ ಮಾತ್ರೆಯನ್ನು ಆರು ತಿಂಗಳು ನುಂಗುತ್ತಿರುವ ಹುಡುಗಿಗೆ ಎಎಂಎಚ್ ಮಾಡಿಸಿ ‘ಪಿಸಿಓಎಸ್ ಇಲ್ಲ’ ಎಂದೋ, ಪಿಸಿಓಎಸ್ ಇಲ್ಲದವಳಿಗೆ ‘ಮೀಸಲು ಕಡಿಮೆ’ ಎಂದೋ ಹೇಳಿಬಿಡುವುದು ಸುಲಭ. ಮಾತ್ರೆ ನಿಲ್ಲಿಸಿ ಎರಡು–ಮೂರು ತಿಂಗಳಾದ ಮೇಲೆ ರಕ್ತ ಕೊಟ್ಟರೆ ನಿಜದ ಅಂಕಿ ಸಿಗುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೊಸಿಸ್‌ಗೆ ಕೊಡುವ ತಿಂಗಳ ಇಂಜೆಕ್ಷನ್‌ಗೂ ಇದೇ ಎಚ್ಚರ.

ಇನ್ನೊಂದು ಕಣ್ತಪ್ಪಿ ಹೋಗುವ ವಸ್ತು ಬಯೋಟಿನ್. ಕೂದಲು ಉದುರುವುದಕ್ಕೆಂದು ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಬಯೋಟಿನ್ ಇರುತ್ತದೆ. ಕೆಲವು ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ ಅಂಟಿಸಿದ ಪ್ರತಿಕಾಯ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಆ ಹಿಡಿತವನ್ನು ಕಸಿದುಕೊಂಡು ಎಎಂಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಥೈರಾಯ್ಡ್ ವರದಿಯನ್ನೂ ಹೀಗೇ ಕೆಡಿಸಬಲ್ಲದು. ರಕ್ತ ಕೊಡುವ ಎರಡು–ಮೂರು ದಿನ ಮೊದಲು ಈ ಮಾತ್ರೆ ಬಿಡಿ, ಲ್ಯಾಬ್‌ನವರಿಗೂ ಹೇಳಿ.

ಸಾಸಿವೆಯಿಂದ ಕಾಬೂಲ್ ಕಡಲೆಯವರೆಗೆ

ಎಎಫ್‌ಸಿ ಸ್ಕ್ಯಾನ್‌ಗೆ ಯಂತ್ರಕ್ಕಿಂತ ಕೈ ಮುಖ್ಯ. ಮುಟ್ಟಾದ ಎರಡನೆಯಿಂದ ಐದನೇ ದಿನದೊಳಗೆ, ಮೂತ್ರಕೋಶ ಖಾಲಿ ಮಾಡಿಸಿ, ಯೋನಿಯ ಮೂಲಕ ಪ್ರೋಬ್ ಇಟ್ಟು ನೋಡಬೇಕು. ಪರದೆಯ ಮೇಲೆ ಅಂಡಾಶಯ ಸುಮಾರು ಮೂರು ಸೆಂಟಿಮೀಟರ್ ಉದ್ದದ, ಬಾದಾಮಿ ಆಕಾರದ ಬೂದುಬಣ್ಣದ ಮುದ್ದೆ. ಅದರೊಳಗೆ ದುಂಡನೆಯ ಕಪ್ಪು ಚುಕ್ಕೆಗಳು, ಚಿಕ್ಕವು ಸಾಸಿವೆಯಷ್ಟು, ದೊಡ್ಡವು ಕಾಬೂಲ್ ಕಡಲೆಯಷ್ಟು: 2ರಿಂದ 10 ಮಿಲಿಮೀಟರ್. ಅಂಡಾಶಯದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪ್ರೋಬನ್ನು ನಿಧಾನವಾಗಿ ಸರಿಸುತ್ತ ಪ್ರತಿ ಚುಕ್ಕೆಯನ್ನೂ ಒಮ್ಮೆ ಮಾತ್ರ ಎಣಿಸಬೇಕು, ಆಮೇಲೆ ಇನ್ನೊಂದು ಬದಿ. ಎರಡೂ ಸೇರಿದ್ದು ಎಎಫ್‌ಸಿ. ಐದರಿಂದ ಏಳಕ್ಕಿಂತ ಕಡಿಮೆಯಿದ್ದರೆ ಮೀಸಲು ಕಡಿಮೆ. ಇಪ್ಪತ್ತು ದಾಟಿದರೆ ಇಂಜೆಕ್ಷನ್ ಕೈ ಬಿಗಿಹಿಡಿದು ಕೊಡಬೇಕು.

ತಪ್ಪು ಎಲ್ಲಿ ಆಗುತ್ತದೆ? ಅಂಡಾಶಯದ ಪಕ್ಕದಲ್ಲೇ ಹಾದುಹೋಗುವ ರಕ್ತನಾಳ ಅಡ್ಡಕೊಯ್ತದಲ್ಲಿ ಥೇಟ್ ಕೋಶಕದಂತೆ ಕಾಣುತ್ತದೆ. ಪ್ರೋಬ್ ತಿರುಗಿಸಿದರೆ ಅದು ಕೊಳವೆಯಂತೆ ಉದ್ದವಾಗುತ್ತದೆ, ಕೋಶಕ ದುಂಡಗೇ ಉಳಿಯುತ್ತದೆ. ಹಾಗೆ ತಿರುಗಿಸಿ ನೋಡದವರು ಎರಡು–ಮೂರು ಹೆಚ್ಚು ಎಣಿಸುತ್ತಾರೆ. ಕರುಳಿನ ಗ್ಯಾಸ್ ಮುಚ್ಚಿದರೆ ಒಂದು ಅಂಡಾಶಯ ಅರ್ಧವೇ ಕಾಣುತ್ತದೆ. ಆಗ ಹೊಟ್ಟೆಯ ಮೇಲೆ ಇನ್ನೊಂದು ಕೈಯಿಂದ ಮೆಲ್ಲಗೆ ಒತ್ತಿ ಅದನ್ನು ಹತ್ತಿರ ತಂದುಕೊಳ್ಳಬೇಕು. ಹಿಂದಿನ ತಿಂಗಳಿಂದ ಉಳಿದ ಸಿಸ್ಟ್, ಎಂಡೊಮೆಟ್ರಿಯೊಸಿಸ್‌ನಿಂದ ಹಳೆಯ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್ ಇದ್ದರೆ ಅದರ ಹಿಂದೆ ಅಡಗಿದ ಕೋಶಕಗಳು ಲೆಕ್ಕಕ್ಕೆ ಸಿಗುವುದೇ ಇಲ್ಲ. ವರದಿಯಲ್ಲಿ ಬರೀ ‘ಓವರೀಸ್ ನಾರ್ಮಲ್’ ಎಂದಿದ್ದರೆ ಐವಿಎಫ್ ತೀರ್ಮಾನಕ್ಕೆ ಅದು ಸಾಲದು. ಬಲಗಡೆ ಎಷ್ಟು, ಎಡಗಡೆ ಎಷ್ಟು, ಮುಟ್ಟಿನ ಎಷ್ಟನೇ ದಿನ, ಈ ಮೂರೂ ಇರಬೇಕು.

ಮದುವೆಯಾಗದ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಸಣ್ಣ ಕೋಶಕಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಅಂಥವರಲ್ಲಿ ಎಎಂಎಚ್ ಮೇಲೆಯೇ ಹೆಚ್ಚು ಭಾರ ಹಾಕುವುದು ಸರಿ.

ಎಫ್‌ಎಸ್‌ಎಚ್ (ಕೋಶಕಗಳನ್ನು ಬೆಳೆಸುವ ಹಾರ್ಮೋನ್) ಹಳೆಯ ಪರೀಕ್ಷೆ. ಅಂಡಾಶಯ ಮಾತು ಕೇಳದಾದಾಗ ಮೆದುಳಿನ ಪಿಟ್ಯುಟರಿ ಗ್ರಂಥಿ ದನಿ ಏರಿಸಿ ಕೂಗುತ್ತದೆ, ಆ ಕೂಗೇ ಎಫ್‌ಎಸ್‌ಎಚ್. ಮುಟ್ಟಾದ ಎರಡನೇ ಅಥವಾ ಮೂರನೇ ದಿನ ನೋಡಬೇಕು. ಬರೀ ಕಲೆ ಕಂಡ ದಿನ ಲೆಕ್ಕಕ್ಕಿಲ್ಲ, ಚೆನ್ನಾಗಿ ಸ್ರಾವ ಶುರುವಾದದ್ದು ಮೊದಲ ದಿನ. 10 ದಾಟಿದರೆ ಅನುಮಾನ ಶುರು. ಇದನ್ನು, ಬೆಳೆಯುವ ಕೋಶಕ ಸ್ರವಿಸುವ ಈಸ್ಟ್ರೋಜನ್ ಆದ ಎಸ್ಟ್ರಾಡಿಯಾಲ್ ಇಲ್ಲದೆ ಒಂಟಿಯಾಗಿ ಓದಬಾರದು. ಮೀಸಲು ಕುಗ್ಗಿದವರಲ್ಲಿ ಒಂದು ಕೋಶಕ ಅವಸರದಿಂದ ಬೆಳೆದು ಎರಡನೇ ದಿನಕ್ಕೇ ಎಸ್ಟ್ರಾಡಿಯಾಲನ್ನು 80ರ ಮೇಲೆ ಒಯ್ದಿರುತ್ತದೆ; ಅದು ಎಫ್‌ಎಸ್‌ಎಚ್ ಅನ್ನು ಅದುಮಿ 7 ಎಂದು ತೋರಿಸುತ್ತದೆ. ನೋಡಿದವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ಒಂದು ತಿಂಗಳು 13, ಮುಂದಿನ ತಿಂಗಳು 8 ಬಂದರೂ ಸುಧಾರಿಸಿತು ಎಂದಲ್ಲ, 13 ಒಮ್ಮೆ ಬಂದದ್ದೇ ಲೆಕ್ಕ. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡುವ ಮಾತ್ರೆ ನುಂಗಿದ ತಿಂಗಳು ಈ ಪರೀಕ್ಷೆ ಬೇಡ, ಮುಂದಿನ ಸಹಜ ಮುಟ್ಟಿಗೆ ಮಾಡಿಸಿ. ಇನ್‌ಹಿಬಿನ್ ಬಿ, ಕ್ಲೋಮಿಫಿನ್ ಚಾಲೆಂಜ್ ಪರೀಕ್ಷೆಗಳನ್ನು ಈಗ ಬಳಸಬೇಕಾದ ಅಗತ್ಯವಿಲ್ಲ.

ಈ ಅಂಕಿಗಳಿಂದ ವೈದ್ಯರು ಮಾಡುವುದೇನು

ಇಂಜೆಕ್ಷನ್ ಪ್ರಮಾಣ ಮತ್ತು ವಿಧಾನ ನಿರ್ಧರಿಸುತ್ತಾರೆ. ಸಾಧಾರಣ ಮೀಸಲಿನವರಿಗೆ ದಿನಕ್ಕೆ 150ರಿಂದ 225 ಯೂನಿಟ್ ಎಫ್‌ಎಸ್‌ಎಚ್, ಎಎಂಎಚ್ ಏರಿದವರಿಗೆ 100ರಿಂದ 150. ನಿಜವಾದ ಉಪಯೋಗ ಎದ್ದು ಕಾಣುವುದು ಈ ಎರಡನೇ ಗುಂಪಿನಲ್ಲಿ. ಮೊದಲೇ ಗೊತ್ತಿಲ್ಲದೆ 225 ಕೊಟ್ಟು, ಕೊನೆಗೆ ಅಂಡಾಣು ಬಲಿಸುವ ಎಚ್‌ಸಿಜಿ ಇಂಜೆಕ್ಷನ್ ಹಾಕಿದರೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಓಎಚ್‌ಎಸ್‌ಎಸ್ ಬರಬಹುದು. ಹೊಟ್ಟೆ ಬಿಗಿಯುವುದು, ದಿನಕ್ಕೆ ಒಂದು ಕೆಜಿಯಷ್ಟು ತೂಕ ಏರುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಅದರ ಲಕ್ಷಣಗಳು. ಜೀವಕ್ಕೇ ಅಪಾಯ ಆಗಬಹುದು. ಎಎಂಎಚ್ 6, ಎಎಫ್‌ಸಿ 30 ಎಂದು ಗೊತ್ತಿದ್ದರೆ, ಅಂಡಾಣು ಅವಧಿಗೆ ಮುನ್ನ ಬಿಡುಗಡೆಯಾಗದಂತೆ ತಡೆಯುವ ಆಂಟಗೊನಿಸ್ಟ್ ವಿಧಾನ ಹಿಡಿದು, ಕೊನೆಯ ಇಂಜೆಕ್ಷನ್ ಎಚ್‌ಸಿಜಿ ಬದಲು ಅಗೊನಿಸ್ಟ್ ಹಾಕಿ, ಭ್ರೂಣಗಳನ್ನೆಲ್ಲ ಫ್ರೀಜ್ ಮಾಡಿ ಮುಂದಿನ ತಿಂಗಳಲ್ಲಿ ಗರ್ಭಕೋಶಕ್ಕೆ ಇಡುತ್ತಾರೆ. ಈ ಒಂದು ಕಾರಣಕ್ಕೇ ಐವಿಎಫ್‌ಗೆ ಮುನ್ನ ಮೀಸಲಿನ ಪರೀಕ್ಷೆ ಕಡ್ಡಾಯ ಎನ್ನಬೇಕು.

ಮೀಸಲು ಕಡಿಮೆ ಇದ್ದವರಲ್ಲಿ ಕಥೆ ಬೇರೆ. ಇಂಜೆಕ್ಷನ್ ಹೊಸ ಅಂಡಾಣು ಹುಟ್ಟಿಸುವುದಿಲ್ಲ; ಆ ತಿಂಗಳು ಸಾಲಿಗೆ ಬಂದು ಬತ್ತಿಹೋಗಬೇಕಿದ್ದವನ್ನು ಉಳಿಸಿ ಬೆಳೆಸುತ್ತದೆ, ಅಷ್ಟೆ. ಸಾಲಿನಲ್ಲಿ ನಾಲ್ಕೇ ಇದ್ದರೆ 450 ಯೂನಿಟ್ ಕೊಟ್ಟರೂ ಐದಾಗುವುದಿಲ್ಲ. ದಿನಕ್ಕೆ 300ರ ಮೇಲೆ ಹೋಗುವುದರಿಂದ ಪ್ರಯೋಜನವಿಲ್ಲ ಎಂಬುದು ಯುರೋಪಿನ ತಜ್ಞರ ಸಂಘ ಎಶ್ರೆಯ ಮಾರ್ಗಸೂಚಿ. ಡಚ್ಚರು 2017ರಲ್ಲಿ ಪ್ರಕಟಿಸಿದ ಆಪ್ಟಿಮಿಸ್ಟ್ ಅಧ್ಯಯನದಲ್ಲಿ ಎಎಫ್‌ಸಿ ನೋಡಿ ಪ್ರಮಾಣ ಏರಿಸಿ ಇಳಿಸಿದ್ದರಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ, ಆದರೆ ಅತಿ ಸ್ಪಂದನೆಯವರಲ್ಲಿ ಪ್ರಮಾಣ ತಗ್ಗಿಸಿದ್ದರಿಂದ ಓಎಚ್‌ಎಸ್‌ಎಸ್ ತಗ್ಗಿತು. ಹತ್ತು–ಹನ್ನೆರಡು ದಿನದ ಇಂಜೆಕ್ಷನ್ ಬಿಲ್ಲಿನಲ್ಲಿ 300ಕ್ಕೂ 450ಕ್ಕೂ ಇರುವ ಅಂತರ ಸಣ್ಣದಲ್ಲ. ಕೇಳಿ ತಿಳಿದುಕೊಳ್ಳುವ ಹಕ್ಕು ರೋಗಿಗೆ ಇದೆ.

ಮೀಸಲು ಕಡಿಮೆ ಎಂದು ಯಾರನ್ನು ಕರೆಯಬೇಕು ಎಂಬುದಕ್ಕೆ 2011ರಲ್ಲಿ ಬೊಲೊನ್ಯಾ ಮಾನದಂಡ ಬಂತು: 40 ದಾಟಿದ ವಯಸ್ಸು ಅಥವಾ ಬೇರೆ ಅಪಾಯಕಾರಿ ಅಂಶ, ಹಿಂದಿನ ಸುತ್ತಿನಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಅಂಡಾಣು, ಪರೀಕ್ಷೆಯಲ್ಲಿ ಕಡಿಮೆ ಮೀಸಲು. ಈ ಮೂರರಲ್ಲಿ ಎರಡಿರಬೇಕು. 2016ರ ಪೊಸೈಡನ್ ವರ್ಗೀಕರಣ 35 ವರ್ಷದ ಗೆರೆ ಎಳೆದು ಕಿರಿಯರನ್ನು ಹಿರಿಯರಿಂದ ಬೇರ್ಪಡಿಸಿತು. ಇದು ಸಣ್ಣ ತಿದ್ದುಪಡಿಯಲ್ಲ. ಎಎಂಎಚ್ 0.8 ಇರುವ 30ರವಳನ್ನೂ 42ರವಳನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಮಾತು ಹೇಳಬಾರದು ಎಂಬುದು ಅದರ ತಿರುಳು.

ಇನ್ನೂ ಐವಿಎಫ್ ಬೇಕಾಗದವರು

2017ರಲ್ಲಿ ಅಮೆರಿಕದ ವೈದ್ಯ ಪತ್ರಿಕೆ ಜಾಮಾದಲ್ಲಿ ಒಂದು ಅಧ್ಯಯನ ಬಂತು. 30ರಿಂದ 44 ವಯಸ್ಸಿನ, ಬಂಜೆತನದ ಇತಿಹಾಸವಿಲ್ಲದ, ಆಗಷ್ಟೇ ಮಗುವಿಗೆ ಪ್ರಯತ್ನ ಶುರು ಮಾಡಿದ 750 ಮಹಿಳೆಯರ ಎಎಂಎಚ್ ಅಳೆದು, ಮುಂದಿನ ತಿಂಗಳುಗಳಲ್ಲಿ ಯಾರಿಗೆ ಗರ್ಭ ನಿಂತಿತು ಎಂದು ನೋಡಿದರು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ಮುಟ್ಟಿನ ಚಕ್ರದೊಳಗೆ ಗರ್ಭ ಧರಿಸುವ ಅಂದಾಜು ನೂರಕ್ಕೆ 65, ಸಾಧಾರಣ ಇದ್ದವರಲ್ಲಿ 62. ವ್ಯತ್ಯಾಸವೇ ಇಲ್ಲ. ತಿಂಗಳಿಗೆ ಬಿಡುಗಡೆಯಾಗುವುದು ಒಂದು ಅಂಡಾಣು, ಕಣಜದಲ್ಲಿ ಎಷ್ಟಿದ್ದರೂ ಆ ಒಂದಕ್ಕೆ ಏನೂ ಆಗದು. 2019ರಲ್ಲಿ ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು, ಬಂಜೆತನ ಇಲ್ಲದ ಹೆಣ್ಣುಮಕ್ಕಳಿಗೆ ಅವರ ಗರ್ಭಧಾರಣೆಯ ಸಾಮರ್ಥ್ಯ ಹೇಳಲು ಎಎಂಎಚ್ ಬಳಸಬಾರದು ಎಂದೇ ಬರೆಯಿತು. ‘ಫರ್ಟಿಲಿಟಿ ಚೆಕಪ್’ ಪ್ಯಾಕೇಜುಗಳಲ್ಲಿ ಇದನ್ನು ಸೇರಿಸಿ ಮಾರುವುದು ಈ ಕಾರಣಕ್ಕೇ ಒಪ್ಪುವಂಥದ್ದಲ್ಲ.

ಮಗುವಾಗುತ್ತಿಲ್ಲ ಎಂದು ಬಂದ ದಂಪತಿಯಲ್ಲೂ ಎಎಂಎಚ್ ಮೊದಲ ಪರೀಕ್ಷೆಯಾಗಬೇಕಿಲ್ಲ. ಎರಡರಿಂದ ಏಳು ದಿನ ಸಂಯಮವಿದ್ದು ಗಂಡ ಕೊಡುವ ವೀರ್ಯ ಪರೀಕ್ಷೆ ಕೆಲವೇ ನೂರು ರೂಪಾಯಿಯದು, ಅರ್ಧದಷ್ಟು ದಂಪತಿಗಳಲ್ಲಿ ಕಾರಣದ ಒಂದು ಪಾಲು ಅಲ್ಲಿರುತ್ತದೆ. ಅದನ್ನು ಬಿಟ್ಟು ಹೆಂಡತಿಯ ಮೂರು ಬಗೆಯ ರಕ್ತ ಪರೀಕ್ಷೆ ಮುಗಿದಿರುವ ಫೈಲುಗಳು ಇಂದಿಗೂ ಬರುತ್ತಲೇ ಇವೆ. ಫಾಲೋಪಿಯನ್ ನಾಳ ತೆರೆದಿದೆಯೇ ಎಂಬುದೂ ಅಷ್ಟೇ ಮುಖ್ಯ; ನಮ್ಮ ದೇಶದಲ್ಲಿ ಜನನಾಂಗದ ಟಿಬಿ ಸದ್ದಿಲ್ಲದೆ ನಾಳ ಮುಚ್ಚಿಬಿಡುತ್ತದೆ.

ಹಾಗಾದರೆ ಬೇಗ ಪರೀಕ್ಷೆ ಯಾರಿಗೆ ಬೇಕು? ತಾಯಿಗೋ ಅಕ್ಕನಿಗೋ 45ರೊಳಗೆ ಮುಟ್ಟು ನಿಂತವರಿಗೆ, ಒಂದು ಅಂಡಾಶಯ ತೆಗೆಸಿದವರಿಗೆ, ಕೀಮೋ ಅಥವಾ ಕಿಬ್ಬೊಟ್ಟೆಯ ರೇಡಿಯೇಷನ್ ಆಗಬೇಕಿರುವವರಿಗೆ. ಚಾಕೊಲೇಟ್ ಸಿಸ್ಟ್ ಇರುವವರಿಗೆ ಆಪರೇಷನ್‌ಗೆ ಮುಂಚೆಯೇ ಬೇಕು, ಏಕೆಂದರೆ ಸಿಸ್ಟ್ ಗೋಡೆ ಸುಲಿದು ತೆಗೆಯುವಾಗ ಒಳ್ಳೆಯ ಅಂಗಾಂಶವೂ ಹೋಗಿ ಎಎಂಎಚ್ ಇಳಿಯುತ್ತದೆ. ಎರಡೂ ಕಡೆ ಸಿಸ್ಟ್ ಇದ್ದರೆ ಇನ್ನೂ ಹೆಚ್ಚು. ಎರಡನೇ ಬಾರಿ ಆಪರೇಷನ್‌ಗೆ ಒಪ್ಪುವ ಮೊದಲು ಅಂಡಾಣು ಅಥವಾ ಭ್ರೂಣ ಕಾಪಿಡುವ ಮಾತು ಆಗಿರಬೇಕು.

ಭಾರತದ ಲೆಕ್ಕ, ಮತ್ತು ದಾನಿ ಅಂಡಾಣುವಿನ ಅವಸರ

2014ರಲ್ಲಿ ಸ್ಪೇನ್ ಮತ್ತು ಭಾರತದ ಐವಿಎಫ್ ರೋಗಿಗಳನ್ನು ಹೋಲಿಸಿದ ಅಧ್ಯಯನವೊಂದು, ಮೀಸಲಿನ ಲೆಕ್ಕದಲ್ಲಿ ಭಾರತೀಯ ಮಹಿಳೆಯರ ಅಂಡಾಶಯ ಸುಮಾರು ಆರು ವರ್ಷ ಮುಂದೆ ಹೋಗಿರುತ್ತದೆ ಎಂದು ಕಂಡುಕೊಂಡಿತು. ನಮ್ಮಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47, ಪಶ್ಚಿಮದಲ್ಲಿ 51. ಹೀಗಾಗಿ ಅಲ್ಲಿನ ವಯಸ್ಸುವಾರು ಕೋಷ್ಟಕ ಇಟ್ಟುಕೊಂಡು ಇಲ್ಲಿನವರನ್ನು ಅಳೆದರೆ ಬಹಳಷ್ಟು ಮಂದಿ ‘ಲೋ’ ಪಟ್ಟಿಗೆ ಬೀಳುತ್ತಾರೆ. 35 ದಾಟಿದವರು ಆರು ತಿಂಗಳ ಪ್ರಯತ್ನದ ಮೇಲೂ ಗರ್ಭ ನಿಲ್ಲದಿದ್ದರೆ ವೈದ್ಯರ ಬಳಿ ಬರಬೇಕೆನ್ನುವ ನಿಯಮವನ್ನು ನಮ್ಮಲ್ಲಿ ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಆದರೆ ಇದೇ ಅಂಕಿಯನ್ನು ಹೆದರಿಕೆಯ ಸರಕು ಮಾಡಬಾರದು.

ಹೆದರಿಕೆ ಹೆಚ್ಚಾಗಿ ಕೊನೆಗೊಳ್ಳುವುದು ‘ದಾನಿ ಅಂಡಾಣು ತೆಗೆದುಕೊಂಡುಬಿಡಿ’ ಎಂಬ ಸಲಹೆಯಲ್ಲಿ. 33 ವರ್ಷದವಳಿಗೆ, ಸ್ವಂತ ಅಂಡಾಣುವಿನಿಂದ ಒಂದು ಸುತ್ತನ್ನೂ ಮಾಡದೆ, ಎಎಂಎಚ್ 0.5 ಎಂಬ ಒಂದೇ ಕಾರಣಕ್ಕೆ ಹೀಗೆ ಹೇಳುವುದು ತಪ್ಪು. ದಾನಿ ಅಂಡಾಣುವಿನ ಯಶಸ್ಸು ನಿಂತಿರುವುದು ದಾನಿಯ ವಯಸ್ಸಿನ ಮೇಲೆ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯ ಪ್ರಕಾರ ದಾನಿ 23ರಿಂದ 35 ವರ್ಷದೊಳಗಿರಬೇಕು, ಬದುಕಿನಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಚಿಕಿತ್ಸೆ ಪಡೆಯುವ ಮಹಿಳೆಗೆ ವಯಸ್ಸಿನ ಮಿತಿ 50. ಅಂದರೆ ಆ ಬಾಗಿಲು ಇಂದು ನಾಳೆ ಮುಚ್ಚುವುದಿಲ್ಲ, ಎರಡು ವರ್ಷದ ನಂತರವೂ ಅಷ್ಟೇ ತೆರೆದಿರುತ್ತದೆ. ಸ್ವಂತ ಅಂಡಾಣುವಿನ ಬಾಗಿಲು ಹಾಗಲ್ಲ. ಮೊದಲು ಪ್ರಯತ್ನಿಸಬೇಕಾದ್ದು ಯಾವುದು ಎಂದು ಇದರಿಂದಲೇ ಗೊತ್ತಾಗುತ್ತದೆ. ಎರಡು–ಮೂರು ಸುತ್ತಿನಲ್ಲಿ ಒಂದೂ ಒಳ್ಳೆಯ ಭ್ರೂಣ ಆಗದಿದ್ದಾಗ, ಅಥವಾ ವಯಸ್ಸು 43–44 ದಾಟಿದಾಗ, ದಾನಿಯ ಮಾತು ಪ್ರಾಮಾಣಿಕ ಸಲಹೆ ಆಗುತ್ತದೆ.

ಎಎಂಎಚ್ ಏರಿಸುತ್ತೇವೆಂದು ಕೊಡುವ ಔಷಧಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಿಎಚ್‌ಇಎ ಎಂಬ ಹಾರ್ಮೋನ್ ಮಾತ್ರೆಗೆ ಇರುವ ಆಧಾರ ದುರ್ಬಲ. ಮೊಡವೆ, ಮುಖದ ಕೂದಲು ಅದರ ಅಡ್ಡ ಪರಿಣಾಮ. ಅಂಡಾಶಯಕ್ಕೆ ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ತುಂಬಿದ ದ್ರವ) ಚುಚ್ಚುವುದು ಇನ್ನೂ ಪ್ರಾಯೋಗಿಕ ಹಂತದಲ್ಲಿದೆ, ಅದಕ್ಕೆ ಸಾವಿರಾರು ರೂಪಾಯಿ ಕೇಳುವವರು ಹಾಗೆಂದು ಬರೆದುಕೊಡಬೇಕು. ಧೂಮಪಾನ ಬಿಡುವುದು ಮಾತ್ರ ಖಚಿತವಾಗಿ ಒಳ್ಳೆಯದು.

ಮುಟ್ಟೇ ತಪ್ಪುತ್ತಿದ್ದರೆ

40ರೊಳಗಿನ ಹೆಣ್ಣುಮಗಳಿಗೆ ನಾಲ್ಕು ತಿಂಗಳಿಂದ ಮುಟ್ಟು ಬಂದಿಲ್ಲ ಅಥವಾ ಅಪರೂಪಕ್ಕೆ ಬರುತ್ತಿದೆ, ಎಫ್‌ಎಸ್‌ಎಚ್ 25ರ ಮೇಲಿದೆ. ಇದಕ್ಕೆ ಹೆಸರೇ ಬೇರೆ: ಅಕಾಲಿಕ ಅಂಡಾಶಯ ವೈಫಲ್ಯ, ಪಿಓಐ. ಇದನ್ನು ‘ಎಎಂಎಚ್ ಕಡಿಮೆ’ ಎಂಬ ಸಾಲಿನೊಳಗೆ ಸೇರಿಸಿ ಐವಿಎಫ್ ಕಡೆಗೆ ತಿರುಗಿಸಿಬಿಡುವುದು ದೊಡ್ಡ ಲೋಪ. ಕೆಲವು ಜೀವಕೋಶಗಳಲ್ಲಿ ಒಂದು ಎಕ್ಸ್ ವರ್ಣತಂತು ಇಲ್ಲದ ಟರ್ನರ್ ಮೊಸಾಯಿಕ್ ಇದೆಯೇ ಎಂದು ವರ್ಣತಂತು ಪರೀಕ್ಷೆ ಆಗಬೇಕು. ಫ್ರಜೈಲ್ ಎಕ್ಸ್ ಕಾಯಿಲೆಗೆ ಸಂಬಂಧಿಸಿದ ಎಫ್‌ಎಂಆರ್1 ಜೀನ್ ನೋಡಬೇಕು. ಅದರಲ್ಲಿ 55ರಿಂದ 200 ಪುನರಾವರ್ತನೆ ಇದ್ದರೆ ತಂಗಿಯರಿಗೂ ಹೇಳಬೇಕಾಗುತ್ತದೆ, ಮುಂದಿನ ಪೀಳಿಗೆಯ ಗಂಡುಮಕ್ಕಳಲ್ಲಿ ಬುದ್ಧಿಮಾಂದ್ಯತೆ ಬರುವ ಸಾಧ್ಯತೆಯೂ ಇರುತ್ತದೆ. ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳ ವಿರುದ್ಧ ಪ್ರತಿಕಾಯ ಇದೆಯೇ ನೋಡಬೇಕು. ಮೂಳೆಯ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಆಗಬೇಕು, ಏಕೆಂದರೆ ಈಸ್ಟ್ರೋಜನ್ ಇಲ್ಲದ ಹತ್ತು ವರ್ಷ 32ರ ಹೆಣ್ಣಿನ ಮೂಳೆಯನ್ನು 60ರವಳ ಮೂಳೆ ಮಾಡುತ್ತದೆ, ಹೃದಯಕ್ಕೂ ಏಟು ಬೀಳುತ್ತದೆ. ವಿರುದ್ಧವಾದ ಕಾರಣ ಇಲ್ಲದಿದ್ದರೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಕೊಡಬೇಕು. ಆ ಚಿಕಿತ್ಸೆಯ ನಡುವೆಯೇ ನೂರಕ್ಕೆ ಸುಮಾರು ಐದು ಮಂದಿಗೆ ತಾನಾಗಿ ಗರ್ಭ ನಿಲ್ಲುವುದೂ ಉಂಟು. ಮಗು ಬೇಡವೆನ್ನುವವರಿಗೆ ಗರ್ಭನಿರೋಧಕದ ಮಾತೂ ಹೇಳಬೇಕಾಗುತ್ತದೆ.